ಮೊಲದ ಕಡೆ, ಕರಡಿ ಕಡೆ

ಒಂದೇ ರಸ್ತೆ. ಈಚೆಗೊಂದು ಗೇಟು, ಆಚೆಗೊಂದು ಗೇಟು. ಈಚೆ ಗೇಟಿನ ಮೇಲೆ ಎರಡಾಳೆತ್ತರದ ಮೊಲವೊಂದು ಕೈಬೀಸುತ್ತದೆ, ಆಚೆ ಗೇಟಿನ ಮೇಲೆ ಅಷ್ಟೇ ಎತ್ತರದ ಕರಡಿ. ಎರಡರ ಒಳಗೂ ಜಾರುಬಂಡಿಗಳು, ತಲೆಕೆಳಗಾಗಿ ಓಡುವ ರೈಲು, ಅಲೆ ಏಳುವ ಕೊಳ, ಹಿಂದುಗಡೆ ಉಳಿದುಕೊಳ್ಳಲು ಹೋಟೆಲು. ಅವುಗಳಿಗೆ ಉದ್ದುದ್ದ ಹೆಸರುಗಳಿವೆ, ನಮ್ಮ ಮನೆಯಲ್ಲಿ ಯಾರೂ ಆ ಹೆಸರು ಹೇಳುವುದಿಲ್ಲ. ಮೊಲದ ಕಡೆ, ಕರಡಿ ಕಡೆ, ಅಷ್ಟೇ. ನನ್ನ ಗಂಡ ಮೊಲದ ಕಡೆಯವರು. ಅವರ ಅಣ್ಣ, ಅಂದರೆ ನಮ್ಮ ಬಾವ, ಕರಡಿ ಕಡೆಯವರು.

ಮಕ್ಕಳು ಚಿಕ್ಕವರಿದ್ದಾಗ ಹುಟ್ಟಿದ ಜಗಳ ಇದು. ಮಕ್ಕಳು ಬೆಳೆದರು, ನಮ್ಮ ಜೊತೆ ಬರುವುದೇ ನಾಚಿಕೆಯೆಂದು ದೂರ ಸರಿದರು. ಇವರಿಬ್ಬರು ಬೆಳೆಯಲಿಲ್ಲ. ಪ್ರತಿ ವರ್ಷ ಎರಡು ಕಾರು ಒಟ್ಟಿಗೇ ಹೊರಡುತ್ತವೆ, ದಾರಿಯಲ್ಲಿ ಒಂದೇ ಮೇಜಿನಲ್ಲಿ ಊಟವಾಗುತ್ತದೆ. ಆ ರಸ್ತೆಗೆ ಬಂದ ಕೂಡಲೇ ಎತ್ತು ಏರಿಗೆ, ಕೋಣ ನೀರಿಗೆ. ವಿಶೇಷವೆಂದರೆ, ಇಬ್ಬರೂ ಇನ್ನೊಬ್ಬರ ಗೇಟಿನೊಳಗೆ ಒಮ್ಮೆಯೂ ಕಾಲಿಟ್ಟವರಲ್ಲ. ನೋಡದೆ ಇದ್ದುದರಿಂದ ಹೋಲಿಸುವುದು ಅವರಿಗೆ ಬಹಳ ಸುಲಭವಾಗಿತ್ತು.

ಇವರದು ಲಿಫ್ಟ್ ರಿಪೇರಿಯ ಕೆಲಸ. ಎಲ್ಲಿ ಲಿಫ್ಟ್ ಹತ್ತಿದರೂ ಗೋಡೆಗೆ ಅಂಗೈ ಒತ್ತಿ, ಕಣ್ಣು ಮುಚ್ಚಿ ಮೋಟಾರಿನ ಸದ್ದು ಕೇಳುತ್ತಾರೆ. "ಮೊಲದವರ ಮೋಟಾರಿದೆಯಲ್ಲ, ಬೆಣ್ಣೆ." ಬಾವನದು ಹಾಸಿಗೆ ಅಂಗಡಿ. ಯಾರ ಮನೆಗೆ ಹೋದರೂ ಮಂಚಕ್ಕೆ ಮೊಣಕೈ ಊರಿ ನೋಡದೆ ಕೂರುವವರಲ್ಲ. "ಕರಡಿಯವರ ಹಾಸಿಗೆ ಮೇಲೆ ಮಲಗಿ ಎದ್ದರೆ ವಯಸ್ಸು ಹತ್ತು ವರ್ಷ ಇಳಿಯುತ್ತೆ." ಎರಡನ್ನೂ ಕಂಡವರು ನಮ್ಮ ಅತ್ತೆ ಒಬ್ಬರೇ. ಇಬ್ಬರು ಮಕ್ಕಳಿಗೂ ಸಮ ಇರಲೆಂದು ಅರ್ಧ ರಜೆ ನಮ್ಮ ಜೊತೆ, ಅರ್ಧ ಬಾವನ ಜೊತೆ ಕಳೆಯುತ್ತಾರೆ. ರಸ್ತೆ ದಾಟಲು ಅವರಿಗೆ ಜೀವಭಯ. ಆದರೂ ಇವರು ಕಾರಿನಲ್ಲಿ ಬಿಟ್ಟುಬರುತ್ತೇನೆಂದು ಕೀ ಹುಡುಕುವಷ್ಟರಲ್ಲಿ ಆಚೆಯಿಂದ ಫೋನ್ ಬಂದಿರುತ್ತದೆ, "ಅಮ್ಮ ಬಂದಾಯ್ತು" ಎಂದು. ಯಾವುದು ಹೆಚ್ಚು ಎಂದು ಕೇಳಿದರೆ, "ಅದೂ ಚೆನ್ನಾಗಿದೆ, ಇದೂ ಚೆನ್ನಾಗಿದೆ" ಅಂದು ಹೆಣಿಗೆ ಮುಂದುವರಿಸುತ್ತಾರೆ.

ಈ ಜಗಳದ ಬಗ್ಗೆ ನಾನೂ ನನ್ನ ಓರಗಿತ್ತಿಯೂ ಹೊರಗೆ ಬೇಸರ ತೋರಿಸುತ್ತೇವೆ. ಒಳಗಿನ ಮಾತು ಬೇರೆ. ಜಗಳ ಹುಟ್ಟುವ ಮೊದಲು ಇಡೀ ಕುಟುಂಬ ರಜೆಗೆ ಹೋಗುತ್ತಿದ್ದದ್ದು ಕೆರೆಯ ದಡದಲ್ಲಿದ್ದ ಒಂದು ಬಾಡಿಗೆ ಮನೆಗೆ. ಅಣ್ಣತಮ್ಮಂದಿರು ಗಾಳ ಹಾಕಿಕೊಂಡು ಕೆರೆ ನೋಡುತ್ತಿದ್ದರು. ನಾವು ಮೂವರು ಹೆಂಗಸರು ಅಡುಗೆಮನೆಯ ಕಿಟಕಿಯಿಂದ ಅವರ ಬೆನ್ನು ನೋಡುತ್ತಿದ್ದೆವು. ರಜೆಯೆಂದರೆ ನಮಗೆ ಒಲೆ ಬದಲಾಗುವುದು, ಅಷ್ಟೇ. ಮೊಲವೋ ಕರಡಿಯೋ, ಇಲ್ಲಿ ಬೇರೆ ಯಾರೋ ಬೇಯಿಸುತ್ತಾರೆ. ವರ್ಷದಲ್ಲಿ ಈ ನಾಲ್ಕು ದಿನ ಮಾತ್ರ, ಉಪ್ಪು ಕಡಿಮೆಯಾದರೆ ಯಾರೂ ನನ್ನ ಮುಖ ನೋಡುವುದಿಲ್ಲ.

ಹಾಗಾಗಿ ಈ ಸಲ ದಾರಿಯ ಊಟದಲ್ಲಿ ಬಾವ ಬಾಯಿ ತೆರೆದಾಗ ನಾನು ಎತ್ತಿದ ತುತ್ತನ್ನು ತಟ್ಟೆಗೇ ಇಳಿಸಿದೆ.

"ಈ ಸಲ ತೀರ್ಮಾನ ಆಗಿಬಿಡಲಿ ಕಣೋ. ನಾಳಿದ್ದು ನಾನು ನಿನ್ನ ಮೊಲ ನೋಡ್ತೀನಿ, ನೀನು ನನ್ನ ಕರಡಿ ನೋಡು."

"ನಿನ್ನ ಕರಡೀಲಿ ನೋಡೋದೇನಣ್ಣ ಇದೆ? ಬರೀ ಕೂದಲು," ಅಂದರು ಇವರು.

"ನೀನು ಹಿಡಿದ ಮೊಲಕ್ಕೆ ಮೂರೇ ಕಾಲು ಅಂತ ನಂಗೊತ್ತು. ಅದನ್ನೇ ಎಣಿಸೋಕೆ ಬರ್ತಿದ್ದೀನಿ. ಆದ್ರೆ ಒಂದು ಮಾತು. ಹೆಚ್ಚುಕಮ್ಮಿ ಏನಿಲ್ಲ, ಎರಡೂ ಒಂದೇ ಅನ್ನಿಸ್ತೋ, ಈ ಆಟ ಸಾಕು. ಮುಂದಿನ ವರ್ಷದಿಂದ ಎಲ್ಲರೂ ಮತ್ತೆ ಕೆರೆ ಮನೆಗೆ."

ಇವರ ಮುಖ ಅರಳಿತು. "ಕೆರೆ ಮನೆ! ಅಲ್ಲಿ ಊಟದ ರುಚೀನೇ ಬೇರೆ ಅಣ್ಣ."

ಮೇಜಿನ ಕೆಳಗೆ ಓರಗಿತ್ತಿ ನನ್ನ ಕಾಲು ತುಳಿದರು. ಅತ್ತೆ ಹೆಣಿಗೆಯಿಂದ ತಲೆ ಎತ್ತಲಿಲ್ಲ.

ನನಗೊಂದು ಅಭ್ಯಾಸವಿದೆ. ಯಾವ ಹೊಸ ಜಾಗಕ್ಕೆ ಹೋದರೂ ಪೆಟ್ಟಿಗೆ ತೆರೆಯುವ ಮೊದಲು, ಬೆಂಕಿ ಬಿದ್ದರೆ ಓಡಲೆಂದು ಇಟ್ಟ ಮೆಟ್ಟಿಲನ್ನು ಹುಡುಕಿ ಕೊನೆಯವರೆಗೆ ಇಳಿದು ನೋಡಿ ಬರುತ್ತೇನೆ. ಈ ಕಾರಣಕ್ಕೆ ಬಾವ ನನ್ನನ್ನು ಕರೆಯುವುದೇ 'ಸೈರನ್' ಎಂದು. ಮೊಲದ ಕಡೆ ಈ ವರ್ಷ ನಮಗೆ ಕೊಟ್ಟದ್ದು ಹಿಂಭಾಗದ ಕಟ್ಟಡದ ರೂಮು, ನಾನು ಕಾಣದ ಮೆಟ್ಟಿಲು. ಇಳಿದೆ. ಕೆಳಗಿನಿಂದ ಮೂರನೆಯ ಮೆಟ್ಟಿಲು ಅಲುಗಾಡಿತು. ಕಂಬಿ ಹಿಡಿದುಕೊಂಡು, ಬಾಗಿಲು ತಳ್ಳಿದೆ.

ಬಯಲು ಸಿಗಬೇಕಿತ್ತು. ಸಿಕ್ಕಿದ್ದು ನೆಲಮಾಳಿಗೆಯ ಅಡುಗೆಮನೆ. ಸ್ನಾನ ಮಾಡಬಹುದಾದಷ್ಟು ದೊಡ್ಡ ಪಾತ್ರೆಯಲ್ಲಿ ಸೂಪು ಕುದಿಯುತ್ತಿತ್ತು. ಅಡುಗೆಯವರೊಬ್ಬರು ಅದನ್ನು ಮೊಗೆದು, ಒಂದು ಸಲ ಮೊಲದ ಚಿತ್ರವಿದ್ದ ಕೆಂಪು ಗಾಡಿಗೆ, ಒಂದು ಸಲ ಕರಡಿಯ ಚಿತ್ರವಿದ್ದ ನೀಲಿ ಗಾಡಿಗೆ ತುಂಬುತ್ತಿದ್ದರು. ಮೂಲೆಯ ಸ್ಟೂಲಿನ ಮೇಲೆ ಮೊಲ ಕೂತು ಟೀ ಕುಡಿಯುತ್ತಿತ್ತು. ತಲೆ ಮಡಿಲಲ್ಲಿತ್ತು. ಟೀ ಮುಗಿಸಿ, ಮೊಲದ ಮೈ ಕಳಚಿ ಮೊಳೆಗೆ ತಗುಲಿಹಾಕಿ, ಪಕ್ಕದ ಮೊಳೆಯಿಂದ ಕರಡಿಯ ಮೈ ತೆಗೆದು ತೊಟ್ಟು, ತಲೆಯನ್ನು ಕಂಕುಳಲ್ಲಿಟ್ಟುಕೊಂಡು, ರಸ್ತೆಯಡಿಯ ಸುರಂಗದಲ್ಲಿ ಆಚೆ ಕಡೆ ನಡೆದುಹೋಯಿತು.

"ದಾರಿ ತಪ್ಪಿತಾ ಮೇಡಂ?" ಅಡುಗೆಯವರು ಕೇಳಿದರು.

"ಬೆಂಕಿ ಬಿದ್ದರೆ ಅಂತ ನೋಡೋಕೆ ಬಂದೆ."

"ಸದ್ಯಕ್ಕೆ ಒಲೇಲಿ ಮಾತ್ರ ಇದೆ."

"ಇದು ಯಾರ ಅಡುಗೆಮನೆ? ಮೊಲದ್ದಾ, ಕರಡೀದಾ?"

"ಮಾಲೀಕರದ್ದು," ಅಂದರು. "ಇಬ್ಬರೂ ಒಬ್ಬರೇ ಮೇಡಂ. ಹಾಸಿಗೆ, ಹೊದಿಕೆ, ಮೋಟಾರು ಎಲ್ಲಾ ಒಂದೇ ಲಾರೀಲಿ ಬರುತ್ತೆ. ಜಗಳ ಗೇಟಿಂದ ಆಚೆಗೆ ಮಾತ್ರ. ಜನಕ್ಕೆ ಒಂದು ಕಡೆ ಅಂತ ಇರಬೇಕು ನೋಡಿ. ಸೂಪು ಮಾತ್ರ ನಂದು, ಅದಕ್ಕೇ ಬೈಸ್ಕೊಳ್ಳೋದೂ ನಾನೇ. ಪ್ರತಿ ವರ್ಷ ಒಬ್ಬರು ಬರ್ತಾರೆ, ಸೌಟು ಕಿತ್ಕೊಂಡು ರುಚಿ ನೋಡಿ, ಉಪ್ಪು ಕಮ್ಮಿ ಅಂತ ಬೈದು ಹೋಗ್ತಾರೆ."

ಯಾರೋ ಮೇಲಧಿಕಾರಿ ಇರಬೇಕು ಅಂದುಕೊಂಡೆ. ನನ್ನ ತಲೆಯಲ್ಲಿ ಆಗಲೇ ಕೆರೆ ಮನೆಯ ಒಲೆ ಹೊತ್ತಿಕೊಂಡಿತ್ತು. ಬಾವನ ಮೊಣಕೈಗೆ ಈ ಹಾಸಿಗೆ ಸಿಕ್ಕರೆ ಮುಗಿಯಿತು. ಇವರ ಅಂಗೈಗೆ ಆಚೆಯ ಲಿಫ್ಟ್ ಸಿಕ್ಕರೂ ಮುಗಿಯಿತು.

ಮೇಲೆ ಬಂದು ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಓರಗಿತ್ತಿಗೆ ಫೋನ್ ಮಾಡಿದೆ. ಅವರು ಮೊದಲು ಬಿದ್ದು ಬಿದ್ದು ನಕ್ಕರು. ಆಮೇಲೆ ದನಿ ಇಳಿಸಿದರು.

"ಯಾರಿಗೂ ಹೇಳಿಲ್ಲ ತಾನೇ? ಬಾಯಿಗೆ ಬೀಗ ಹಾಕು."

"ಅಕ್ಕ, ಕೇಳಿದರೆ ನನಗೆ ಸುಳ್ಳು ಹೇಳೋಕೆ ಬರಲ್ಲ."

ಅದು ನಿಜ. ಒಳ್ಳೆಯತನದಿಂದಲ್ಲ, ಹೆದರಿಕೆಯಿಂದ. ಹೇಳಿದ ಸುಳ್ಳನ್ನು ಆಮೇಲೆ ನೆನಪಿಟ್ಟುಕೊಳ್ಳಬೇಕಲ್ಲ, ಆ ಚಿಂತೆ ನನ್ನ ಕೈಲಾಗದು.

"ಸುಳ್ಳು ಹೇಳು ಅಂದವರ‍್ಯಾರೇ? ನಿಜಾನೇ ಹೇಳು, ಬೇಕಾದಷ್ಟೇ ಹೇಳು. ಲಿಫ್ಟ್ ನಂಗೆ ಬಿಡು. ಹಾಸಿಗೆ ನಿನ್ನ ಪಾಲು."

ಮಾರನೆಯ ದಿನವಿಡೀ ಹಾಸಿಗೆಯನ್ನೇ ನೋಡುತ್ತ ಕೂತೆ. ಇವರು ತಲೆಕೆಳಗಿನ ರೈಲಿನಲ್ಲಿ ಕೂಗುತ್ತ ಸುತ್ತುತ್ತಿದ್ದರು. ಕೊನೆಗೆ ಕೊಳದ ಪಕ್ಕದ ಅಂಗಡಿಯಿಂದ, ನೀರಿನ ಮೇಲೆ ತೇಲುತ್ತ ಮಲಗುವ ಗಾಳಿ ಹಾಸೊಂದನ್ನು ಕೊಂಡುತಂದೆ. ನನಗೆ ಈಜು ಬರುವುದಿಲ್ಲವಾದ್ದರಿಂದ ಯಾರೂ ಅನುಮಾನಿಸಲಿಲ್ಲ.

ಪರೀಕ್ಷೆಯ ದಿನ ಬೆಳಿಗ್ಗೆ ಇವರು ಅಂಗೈ ಉಜ್ಜಿಕೊಳ್ಳುತ್ತ ಕರಡಿ ಕಡೆಗೆ ಹೊರಟರು. ನಾನು ಗಾಳಿ ಹಾಸನ್ನು ಊದತೊಡಗಿದೆ. ಅತ್ತೆ ಅಂದೇ ಆಚೆಗೆ ಹೋಗಬೇಕಿತ್ತು. ಗಂಟು ಕಟ್ಟಿಟ್ಟುಕೊಂಡು ಕಿಟಕಿಯ ಬಳಿ ಹೆಣೆಯುತ್ತಿದ್ದರು.

"ಏನಮ್ಮ ಅದು?"

"ನಡು ನೋವು ಬರದಿರಲಿ ಅಂತ ಅತ್ತೆ." ಇದೂ ನಿಜವೇ. ಕೆರೆ ಮನೆಯ ಅಡುಗೆಮನೆಯಲ್ಲಿ ಸದಾ ನಡು ನೋವು.

ಹಾಸನ್ನು ಹಾಸಿಗೆಯ ಮೇಲಿಟ್ಟು, ಬಿಳಿ ಹೊದಿಕೆ ಎಳೆದು, ನಾಲ್ಕೂ ಮೂಲೆ ಒತ್ತಿ ಸಿಕ್ಕಿಸಿದೆ. ಬಾಗಿಲು ತಟ್ಟಿದ ಸದ್ದಾಯಿತು.

ಬಾವ ಒಳಗೆ ಬಂದು, ಗೋಡೆ, ಪರದೆ, ಬಚ್ಚಲು ಎಲ್ಲವನ್ನೂ ಹೆಣ್ಣು ನೋಡಲು ಬಂದ ಸೋದರಮಾವನಂತೆ ಪರೀಕ್ಷಿಸಿದರು. "ಪರದೆ ನಮ್ಮದರ ಥರಾನೇ ಇದೆ," ಅಂದರು. ನಾನು ಪರದೆ ನೋಡಿದೆ. "ಎಲ್ಲಾ ಕಡೆ ಪರದೆ ಇರುತ್ತೆ ಬಾವ." ಆಮೇಲೆ ಮಂಚದ ಕಡೆ ತಿರುಗಿ, ತೋಳು ಮಡಚಿ, ಮೊಣಕೈ ಸವರಿಕೊಂಡರು.

"ಹುಷಾರು ಬಾವ," ಅಂದೆ. ಅದು ಬಾಯಿತಪ್ಪಿ ಬಂದದ್ದು, ಅಭ್ಯಾಸಬಲ.

"ಸೈರನ್ ಶುರುವಾಯ್ತು! ಹಾಸಿಗೆ ಅಂಗಡಿಯವನಿಗೆ ಹಾಸಿಗೆ ಹತ್ರ ಹುಷಾರು ಅಂತಾಳಲ್ಲ ಅಮ್ಮ ಇವಳು!" ಎಂದು ನಕ್ಕು, ಹಠಕ್ಕೆ ಬಿದ್ದವರಂತೆ ಇಡೀ ಮೈಯನ್ನೇ ಮಂಚದ ಮೇಲೆ ಚೆಲ್ಲಿದರು. ಹಾಸು 'ಕೀಚ್' ಅಂತು. ಬಾವ ಒಮ್ಮೆ ಮೇಲಕ್ಕೆದ್ದು, ಒಮ್ಮೆ ಎಡಕ್ಕೆ ಹೊರಳಿ, ಗೋಡೆಗೂ ಮಂಚಕ್ಕೂ ನಡುವಿನ ಸಂದಿಗೆ ನಿಧಾನವಾಗಿ ಜಾರಿಹೋದರು. ಸ್ವಲ್ಪ ಹೊತ್ತು ಅವರ ಒಂದು ಕಾಲು ಮಾತ್ರ ಕಾಣುತ್ತಿತ್ತು.

ಸಂದಿಯೊಳಗಿಂದ ದನಿ ಬಂತು. ಅಂಥ ಸಂತೋಷದ ದನಿಯನ್ನು ನಾನು ಅವರಿಂದ ಕೇಳಿರಲಿಲ್ಲ.

"ಗಾಳಿ! ಬರೀ ಗಾಳಿ! ಇದರ ಮೇಲೆ ಮಲಗಿಸ್ತಾನಾ ನನ್ನ ತಮ್ಮ ನಿನ್ನನ್ನ?"

"ಗಾಳಿಯೇ ಬಾವ," ಅಂದೆ. ನಿಜ, ಬೇಕಾದಷ್ಟೇ.

ಅತ್ತೆ ಹೆಣಿಗೆಯ ಕಡ್ಡಿಯನ್ನು ತುಟಿಗೆ ಒತ್ತಿಕೊಂಡು ಕಿಟಕಿಯಾಚೆ ನೋಡುತ್ತಿದ್ದರು. ಅವರ ಭುಜ ಅಲುಗುತ್ತಿತ್ತು. ಮಗ ಬಿದ್ದದ್ದಕ್ಕೆ ಅಳುತ್ತಿದ್ದಾರೇನೋ ಅಂದುಕೊಂಡೆ.

ಅತ್ತ ಓರಗಿತ್ತಿ ಲಿಫ್ಟ್ ಹತ್ತಿದಾಗಿನಿಂದ ಇಳಿಯುವವರೆಗೂ ಬಾಯಿ ಮುಚ್ಚಲಿಲ್ಲವಂತೆ. ಮೈದುನನ ಆರೋಗ್ಯ, ಮಕ್ಕಳ ಓದು, ತಮ್ಮ ಹಲ್ಲುನೋವು. ನಡುವೆ ಉಸಿರಾಡಲು ಕೆಮ್ಮಿದರಂತೆ. ಅಕ್ಕ ಮಾತಿಗೆ ನಿಂತರೆ ಮೋಟಾರಿನ ಸದ್ದು ಹಾಗಿರಲಿ, ಪಕ್ಕದಲ್ಲಿ ಡೋಲು ಬಡಿದರೂ ಕೇಳಿಸದು. ಇವರು ವಾಪಸು ಬಂದು ತಲೆ ಹಿಡಿದುಕೊಂಡರು. "ಆ ಲಿಫ್ಟೇ ಸರಿಯಿಲ್ಲ. ಒಳಗೆ ಏನೋ ಗಲಾಟೆ."

ನಾನೂ ಅಕ್ಕನೂ ಗೆದ್ದೆವು ಅಂದುಕೊಂಡೆವು.

ಸಂಜೆ ಎರಡು ಗೇಟುಗಳಿಗೂ ಸೇರದ, ರಸ್ತೆಬದಿಯ ಕಾಫಿ ಅಂಗಡಿಯಲ್ಲಿ ಎಲ್ಲರೂ ಕೂತೆವು. ಬಾವ ಗಾಳಿಯ ವರದಿ ಒಪ್ಪಿಸಿದರು, ಇವರು ಗಲಾಟೆಯ ವರದಿ. ಇಬ್ಬರೂ ಜಗಳಕ್ಕೆ ಹುರುಪಾಗಿದ್ದರು. ಅಷ್ಟರಲ್ಲಿ ಬಾವ ಲೋಟ ಕೆಳಗಿಟ್ಟು ಹುಬ್ಬು ಗಂಟಿಕ್ಕಿದರು.

"ಒಂದೇ ಒಂದು ವಿಷಯ ಕಣೋ. ಮಧ್ಯಾಹ್ನ ನಿಮ್ಮಲ್ಲಿ ಸೂಪು ಕುಡಿದೆನಲ್ಲ. ಅದು ಮಾತ್ರ ಥೇಟ್ ನಮ್ಮದರ ಹಾಗೇ ಇತ್ತು."

ಇವರೂ ನಿಧಾನವಾಗಿ ತಲೆಯಾಡಿಸಿದರು. "ಹೇಳೋಣ ಅಂತಿದ್ದೆ ಅಣ್ಣ. ನಂಗೂ ಹಾಗೇ ಅನ್ನಿಸ್ತು. ಅದೇ ಬಣ್ಣ, ಅದೇ ಉಪ್ಪು ಕಮ್ಮಿ."

"ಸೂಪು ಒಂದೇ ಆದ್ರೆ..."

"...ಉಳಿದದ್ದೂ..."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವಂತೆ ನಾನು ಎರಡೂ ಕೈಯಿಂದ ಹೆಗಲು ಹಿಡಿದುಕೊಂಡಿದ್ದೆ. ಹಾಸಿಗೆಗೆ ಹಾಸು ಹಾಕಬಹುದು, ಲಿಫ್ಟಿಗೆ ಮಾತು ತುಂಬಬಹುದು. ಸೂಪಿನ ಯೋಚನೆ ನಮ್ಮಿಬ್ಬರಿಗೂ ಬಂದಿರಲಿಲ್ಲ. ಓರಗಿತ್ತಿ ನನ್ನ ಕಾಲು ತುಳಿಯುವುದನ್ನೂ ಮರೆತಿದ್ದರು.

"ಸೈರನ್," ಬಾವ ನನ್ನ ಕಡೆ ತಿರುಗಿದರು, "ನೀನು ಎಲ್ಲಾ ಮೂಲೆ ಮುಡುಕು ನೋಡೋಳು. ನೀನೇ ಹೇಳಮ್ಮ. ಎರಡೂ ಒಂದೇನಾ?"

ನೇರ ಪ್ರಶ್ನೆ. ಬಾಯಿ ತೆರೆದೆ. ನಿಜ ನಾಲಗೆಯ ತುದಿಗೆ ಬಂದು ನಿಂತಿತ್ತು.

"ಅವಳನ್ನೇನು ಕೇಳ್ತೀಯ?" ಅಂದರು ಅತ್ತೆ. ಹೆಣಿಗೆಯನ್ನು ಮಡಿಲಲ್ಲಿಟ್ಟರು. ಇಷ್ಟು ವರ್ಷಗಳಲ್ಲಿ ಅವರು ಹೆಣಿಗೆ ಕೆಳಗಿಟ್ಟದ್ದನ್ನು ನಾವು ನೋಡಿರಲಿಲ್ಲ. "ಎರಡೂ ಕಡೆ ಉಂಡೋಳು ನಾನು. ಇಬ್ಬರೂ ಜನ್ಮದಲ್ಲಿ ಒಂದು ಲೋಟ ಸಾರು ಕಾಯಿಸಿದವರಲ್ಲ, ರುಚಿ ಹೇಳೋಕೆ ಬಂದುಬಿಟ್ರು. ಮೊಲದ ಕಡೆ ಸೂಪಿಗೆ ಉಪ್ಪು ಕಮ್ಮಿ. ಕರಡಿ ಕಡೆ ಸೂಪಿಗೆ ಉಪ್ಪೇ ಬಿದ್ದಿಲ್ಲ. ಕಮ್ಮಿಗೂ ಇಲ್ಲದ್ದಕ್ಕೂ ವ್ಯತ್ಯಾಸ ಇಲ್ವೇನ್ರೋ?"

"ನೋಡಿದ್ಯಾ ಅಣ್ಣ!" ಇವರು ಮೇಜು ತಟ್ಟಿದರು. "ನಮ್ಮಲ್ಲಿ ಕಮ್ಮಿಯಾದ್ರೂ ಇದೆ!"

"ಉಪ್ಪಿಲ್ಲದೆ ಮಾಡ್ತಾರೆ ಅಂದ್ರೆ ರಕ್ತದೊತ್ತಡಕ್ಕೆ ಒಳ್ಳೇದು ಅಂತ ಮಾಡ್ತಾರೆ ಕಣೋ! ಯೋಚನೆ ಮಾಡಿ ಮಾಡ್ತಾರೆ!"

"ಹಾಗಾದ್ರೆ ಯಾವುದು ಹೆಚ್ಚು? ಹೇಳಿಬಿಡಮ್ಮ."

"ಇಷ್ಟು ಅವಸರದಲ್ಲಿ ಹೇಳೋಕಾಗಲ್ಲಪ್ಪ. ಮುಂದಿನ ವರ್ಷ ಇನ್ನೊಂದು ಸಲ ಎರಡೂ ಕಡೆ ಇದ್ದು ನೋಡ್ತೀನಿ."

"ಮತ್ತೆ ಕೆರೆ ಮನೆ?" ಅಂದರು ಬಾವ.

"ಅಲ್ಲಿ ಸೊಳ್ಳೆ," ಅಂದು ಅತ್ತೆ ಹೆಣಿಗೆ ಎತ್ತಿಕೊಂಡರು.

ಹೊರಡುವ ದಿನ ಅತ್ತೆ ಕರಡಿ ಕಡೆಯಿಂದ ಬಂದು ನಮ್ಮ ಕಾರಿನಲ್ಲೇ ಕೂತರು. ಇವರು ಪೆಟ್ಟಿಗೆಗಳನ್ನು ಹಿಂದೆ ತುರುಕುತ್ತ, ಆ ದಿನದ ಸೂಪಿಗೆ ಉಪ್ಪು ಹದವಾಗಿ ಬಿದ್ದಿತ್ತೆಂದು, ತಾನು ಹೋಟೆಲಿನವರಿಗೆ ಹೇಳಿದ್ದೇ ಕಾರಣವೆಂದು ಅಣ್ಣನಿಗೆ ಕೂಗಿ ಹೇಳುತ್ತಿದ್ದರು. ಅಲ್ಲಿಂದ ಬಾವನೂ ತಾನು ಹೇಳಿದ್ದೇ ಕಾರಣವೆಂದು ಕೂಗುತ್ತಿದ್ದರು. ನಾನು ಗಾಳಿ ಬಿಟ್ಟು ಮಡಚಿದ ಹಾಸನ್ನು ಕಾಲಿನ ಕೆಳಗೆ ಅಡಗಿಸಿಕೊಳ್ಳುತ್ತಿದ್ದೆ.

ಅತ್ತೆ ನನ್ನ ಕಡೆ ವಾಲಿದರು.

"ಮುಂದಿನ ಸಲ ಅದರ ಮೇಲೊಂದು ಕಂಬಳಿ ಹಾಸು. ಕೀಚ್ ಅನ್ನುತ್ತೆ."

ಸೌಟು ಕಿತ್ತುಕೊಂಡು ಬೈಯುವ ಆ ಮೇಲಧಿಕಾರಿಯ ಮುಖ ಆಗಷ್ಟೇ ನನಗೆ ಕಂಡಿತು. ಅದು ನೂಲಿನ ಉಂಡೆಯನ್ನು ಚೀಲಕ್ಕೆ ಹಾಕಿಕೊಳ್ಳುತ್ತಿತ್ತು.

"ಇನ್ನೊಂದು ಮಾತು," ಅಂದರು ಅತ್ತೆ, ಕಣ್ಣು ಮುಚ್ಚಿ ಸೀಟಿಗೆ ಒರಗುತ್ತ. "ಆ ಮೆಟ್ಟಿಲು ಇಳಿಯುವಾಗ ಹುಷಾರು ಕಣೆ. ಕೆಳಗಿಂದ ಮೂರನೇದು ಸಡಿಲ ಇದೆ."