ಕೆಂಪು ಚಿಂದಿ

"ಕೈಗೆ ಲಕ್ವ ಹೊಡೆದಿದ್ಯೇನೇ? ಇಲ್ಲಾ ಮಹಾರಾಣಿಯವರು ಮದುವೆ ಊಟಕ್ಕೆ ಬಂದಿದ್ದೀರೋ? ನಿನ್ ಮುಂದೆ ನೋಡೇ, ಬಟ್ಟೆ ಗುಡ್ಡ ಬಿದ್ದಿದೆ!"

ಸೂಪರ್‌ವೈಸರ್ ಕಿರುಚಿದ್ದು ನಮ್ಮ ಕಫ್‌ಗೆ.

ನಮ್ಮ ಕಾರ್ಖಾನೆಯಲ್ಲಿ ಇಡೀ ಅಂಗಿ ಹೊಲಿಯುವವರು ಯಾರೂ ಇಲ್ಲ. ಒಬ್ಬಳು ಕಾಲರ್, ಒಬ್ಬಳು ಜೇಬು, ಒಬ್ಬಳು ಕಫ್. ಹೆಸರು ಹಿಡಿದು ಕರೆಯಲು ಪುರುಸೊತ್ತಿಲ್ಲದೆ ಹೊಲಿಯುವ ಭಾಗವೇ ಹೆಸರಾಗಿಬಿಟ್ಟಿದೆ. ನಾನು ತೋಳು. ಕೊನೆಯಲ್ಲಿ ಕೂತು ಗುಂಡಿ ಹಾಕುವವಳನ್ನು "ಗುಂಡಿ" ಎಂದು ಕರೆದರೆ, "ನೋಡ್ಕೊಂಡು ನಡೀರಮ್ಮಾ, ಬಿದ್ದೀರಿ" ಅನ್ನುತ್ತಾಳೆ. ಇಂಥ ಸಣ್ಣಪುಟ್ಟ ನಗುವಿನಲ್ಲೇ ನಮ್ಮ ಹಗಲು ಸವೆಯುತ್ತದೆ.

ಕಫ್‌ಳ ಬಲ ಮಣಿಕಟ್ಟು ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. ಬಟ್ಟೆಯನ್ನು ಸೂಜಿಯ ಕೆಳಗೆ ತಳ್ಳಲು ಅವಳು ಮೊಣಕೈಯನ್ನೇ ಬಳಸುತ್ತಿದ್ದಳು. "ಬಚ್ಚಲಲ್ಲಿ ಜಾರಿದೆ" ಎಂದಿದ್ದಳು. ಹೋದ ತಿಂಗಳೂ ಜಾರಿದ್ದಳು. ಅದೆಂಥ ಬಚ್ಚಲೋ, ಒಬ್ಬಳನ್ನೇ ಬೀಳಿಸುತ್ತದೆ, ಗಂಡ ಮಾತ್ರ ಅದರಲ್ಲಿ ಕಲ್ಲುಕಂಬ.

ಪೆಟ್ಟು ತಿಂದು ಕೂತವಳನ್ನು ಬೈಗುಳದಿಂದ ಉಳಿಸಲು ನಮ್ಮ ಸಾಲಿನಲ್ಲಿ ಒಂದು ಉಪಾಯವಿದೆ. ಪ್ರತಿ ಮಷೀನಿಗೂ ಒಂದು ಕೆಂಪು ಚಿಂದಿ ಕಟ್ಟಿರುತ್ತಾರೆ. ಅದನ್ನು ಮೇಲೆತ್ತಿದರೆ ಮಷೀನು ಕೆಟ್ಟಿದೆ ಎಂದರ್ಥ. ಆಮೇಲೆ ಕೆಲಸ ನಿಂತದ್ದು ಮಷೀನಿನ ತಪ್ಪೇ ಹೊರತು ಹೆಂಗಸಿನದ್ದಲ್ಲ. ಮುಟ್ಟಿನ ಹೊಟ್ಟೆನೋವು, ಜ್ವರ, ಮಗು ನೆನಪಾಗಿ ಬಂದ ಅಳು, ಎಲ್ಲಕ್ಕೂ ನಮಗೆ ಅದೊಂದೇ ಮದ್ದು. ಸೂಪರ್‌ವೈಸರ್ ಬಾಯಿ ಇನ್ನೂ ತೆರೆದಿರುವಾಗಲೇ ನಾನು ಮುಂದಕ್ಕೆ ಬಾಗಿ ಕಫ್‌ಳ ಚಿಂದಿಯನ್ನು ಎತ್ತಿಬಿಟ್ಟೆ.

"ಮಷೀನ್ ಕೆಟ್ಟಿದೆ ಸಾರ್! ಆಗ್ಲಿಂದ ದಾರ ತುಂಡಾಗ್ತಾನೇ ಇದೆ!"

ಮೆಕ್ಯಾನಿಕ್ ಬಂದ. ಅವನು ಕಫ್‌ಳ ಗಂಡ.

ಅವನು ಬಂದರೆ ಸಾಲಿಗೆ ಸಾಲೇ ಅರಳುತ್ತಿತ್ತು. ಸೂಪರ್‌ವೈಸರ್ ಅತ್ತ ಹೋದದ್ದೇ ಸ್ಪ್ಯಾನರನ್ನು ಮೈಕಿನಂತೆ ಹಿಡಿದು, ಮೂಗು ಕಟ್ಟಿಕೊಂಡು, ಸೂಪರ್‌ವೈಸರನ ದನಿಯನ್ನು ಹಾಗೇ ಎತ್ತಿ ಮಡಗುತ್ತಿದ್ದ: "ಉಸಿರಾಡೋದನ್ನ ಮನೇಲಿ ಮುಗಿಸ್ಕೊಂಡು ಬನ್ರೀ, ಇಲ್ಲಿ ಟಾರ್ಗೆಟ್ಟಿದೆ!" ನಾವು ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದೆವು. ಕಫ್ ನಗುತ್ತಿರಲಿಲ್ಲ. ಗಂಡನ ಜೋಕಿಗೆ ಯಾವ ಹೆಂಡತಿ ನಗುತ್ತಾಳೆ, ಅವಳು ಮನೆಯಲ್ಲೇ ಕೇಳಿ ಸುಸ್ತಾಗಿರುತ್ತಾಳೆ ಎಂದುಕೊಂಡಿದ್ದೆವು.

ಅಂದು ನನ್ನ ದಾರದ ಬಾಬಿನ್ ಕೈಜಾರಿ ಉರುಳಿತು. ಎತ್ತಿಕೊಳ್ಳಲು ಬಗ್ಗಿದೆ. ಮೇಜಿನ ಮೇಲೆ ಅವನ ಬಾಯಿ ಇನ್ನೂ ಸೂಪರ್‌ವೈಸರ್ ಆಗಿತ್ತು, ಮೇಲೆ ಎಲ್ಲರೂ ನಗುತ್ತಿದ್ದರು. ಕೆಳಗೆ ಅವನ ಕೈ ಸ್ಪ್ಯಾನರನ್ನು ಅವಳ ಕಾಲಿನ ಹರಡಿನ ಮೂಳೆಗೆ ಇಟ್ಟು, ಬೋಲ್ಟ್ ಬಿಗಿಮಾಡುವವನಂತೆ ನಿಧಾನವಾಗಿ ಒತ್ತುತ್ತಿತ್ತು. ಅವಳ ಬೆರಳುಗಳು ಮೇಲೆ ಕಫ್ಫಿನ ಅಂಚನ್ನು ನೆಟ್ಟಗೆ ಹಿಡಿದಿದ್ದವು.

ನಾನು ಬಾಬಿನ್ ಎತ್ತಿಕೊಂಡು ಮೇಲೆದ್ದೆ. ನನ್ನ ಮುಖದ ಮೇಲೆ ನಗು ಇನ್ನೂ ಅಂಟಿಕೊಂಡಿತ್ತು. ಅದನ್ನು ಒರೆಸಿಕೊಳ್ಳಲು ಬಹಳ ಹೊತ್ತು ಬೇಕಾಯಿತು.

*

ಕಾಲರಕ್ಕ ನಮ್ಮಲ್ಲಿ ಹಿರಿಯಳು. ನಾನು ಕಂಡದ್ದನ್ನು ಹೇಳಿದ್ದೇ, ಅವಳು ಊಟದ ಬೆಲ್ಲಿಗೆ ಮುಂಚೆಯೇ ಸೂಪರ್‌ವೈಸರನ ಮೇಜಿನ ಮುಂದೆ ಹೋಗಿ ನಿಂತಳು. ನಾನು ಹಿಂದೆ.

"ಗಂಡ ಹೆಂಡ್ತಿ ಮಧ್ಯೆ ನಾನ್ಯಾಕಮ್ಮಾ ಮೂಗು ತೂರಿಸ್ಲಿ? ಮನೆ ಕೊಳೆ ಮನೇಲೇ ಒಗೀರಿ."

"ಇದು ಮನೆಯಲ್ಲ ಸಾರ್. ನಿಮ್ ಫ್ಯಾಕ್ಟ್ರಿ. ನಿಮ್ ಸ್ಪ್ಯಾನರ್ರು."

"ಅವನನ್ನ ತೆಗೆದ್ರೆ ಈ ಡಕೋಟ ಮಷೀನುಗಳ್ನ ನಿಮ್ಮಪ್ಪ ಬಂದು ಓಡಿಸ್ತಾನಾ? ಯಾಕೆ, ನಿನ್ ಗಂಡ ಹೊಡೀತಿರ್ಲಿಲ್ವಾ?"

"ಹೊಡೀತಿದ್ದ. ಸತ್ತ."

"ಮತ್ತೆ? ನೀನು ಬದುಕಿದ್ದೀಯಲ್ಲ. ನಡಿ, ನಡಿ."

ಕಾಲರಕ್ಕ ಹೊರಬಂದು ಉಗಿದಳು. "ಬೋಳೀಮಗ. ನಾನು ಬದುಕಿರೋದನ್ನ ಅವನಪ್ಪನ ಆಸ್ತಿಯಿಂದ ಕೊಟ್ಟೋನ ಥರ ಹೇಳ್ತಾನೆ."

ಔಷಧಿ ಕೋಣೆಯ ಗೋಡೆಯಲ್ಲಿ, ತೂಕದ ಯಂತ್ರದ ಹಿಂದೆ ಒಂದು ಚೀಟಿ ಅಂಟಿಸಿದ್ದರು. ಮನೆಯಲ್ಲಿ ಹಿಂಸೆಯೇ, ಈ ನಂಬರಿಗೆ ಕರೆಮಾಡಿ ಎಂದು. ನಾವೆಲ್ಲ ಅದನ್ನು ನೋಡಿಯೇ ತೂಕಕ್ಕೆ ನಿಲ್ಲುತ್ತಿದ್ದೆವು, ಒಬ್ಬರೂ ಓದಿರಲಿಲ್ಲ. ಊಟದ ಹೊತ್ತಿನಲ್ಲಿ ಬೆಳಿಗ್ಗೆ ಗೇಟಿನವನ ಕೈಗೆ ಒಪ್ಪಿಸಿದ್ದ ಫೋನು ಬಿಡಿಸಿಕೊಂಡು ಕಾಲರಕ್ಕ ಕರೆಮಾಡಿದಳು. ಆ ಕಡೆಯ ಹೆಂಗಸು ಎಲ್ಲವನ್ನೂ ಕೇಳಿಸಿಕೊಂಡಳು. "ನಾವು ಗಾಡಿ ಕಳಿಸ್ತೀವಿ. ಇರೋಕೆ ಜಾಗ ಇದೆ, ಡಾಕ್ಟರು, ವಕೀಲರು ಇದ್ದಾರೆ. ಆದ್ರೆ ಅವ್ರು ಏನಂತಾರಮ್ಮಾ? ಅವ್ರನ್ನ ಕೇಳಿದ್ರಾ?"

ಕಾಲರಕ್ಕ ನನ್ನ ಮುಖ ನೋಡಿದಳು. ನಾವು ಅವಳಿಗೆ ಮುಲಾಮು ಕೊಟ್ಟಿದ್ದೆವು, ಮಾತ್ರೆ ಕೊಟ್ಟಿದ್ದೆವು, ಅವಳ ಬಂಡಲ್ಲಿನಿಂದ ಕದ್ದು ನಾಲ್ಕು ಕಫ್ ಹೊಲಿದುಕೊಟ್ಟಿದ್ದೆವು. ಕೇಳಿರಲಿಲ್ಲ.

ನಲ್ಲಿಯ ಹತ್ತಿರ ಕಫ್ ಡಬ್ಬಿ ತೊಳೆಯುತ್ತಿದ್ದಳು, ಎಡಗೈಯಲ್ಲಿ.

"ನೋಡ್ದೆ ಕಣೇ," ಎಂದೆ. "ಮೇಜಿನ ಕೆಳಗೆ."

ಅವಳು ನಲ್ಲಿ ನಿಲ್ಲಿಸಲಿಲ್ಲ. "ಇವತ್ತು ನೋಡಿದ್ಯಾ."

"ಯಾಕೆ ಹೇಳ್ಲಿಲ್ಲ ನೀನು?"

"ಯಾರಿಗೆ? ತವರಿನೋರೂ ಅವನ ಜೋಕಿಗೆ ಬಿದ್ದು ಬಿದ್ದು ನಗ್ತಾರೆ. ನೀವೂ ನಗ್ತೀರಿ." ಡಬ್ಬಿಯ ಮುಚ್ಚಳ ಹುಡುಕಿ ಹಾಕಿಕೊಂಡಳು. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ಮನೇಲಿ ಹೆಂಗೋ ಸಹಿಸ್ಕೋತಿದ್ದೆ ತೋಳಕ್ಕಾ. ಹಗಲಾದ್ರೂ ಇಲ್ಲಿ ಕೂತ್ರೆ ತಪ್ಪಿಸ್ಕೊಂಡೆ ಅನ್ಕೋತಿದ್ದೆ. ಅಷ್ಟರಲ್ಲಿ ನೀವು ಚಿಂದಿ ಎತ್ತಿಬಿಡ್ತಿದ್ರಿ. ನನ್ ಮೇಲಿನ ಪ್ರೀತಿಗೆ. ಚಿಂದಿ ಎತ್ತಿದ್ರೆ ಬರೋನು ಅವನೇ ಅಲ್ವಾ?"

ನಾನು ಕೈಚಾಚಿ ನಲ್ಲಿ ನಿಲ್ಲಿಸಿದೆ. ಕಾಲರಕ್ಕನೇ ಕೇಳಿದಳು, ನೇರವಾಗಿ, ಬಂಡಲ್ ಎಲ್ಲಿಡಲಿ ಎಂದು ಕೇಳುವಷ್ಟು ಸರಳವಾಗಿ: "ಹೋಗ್ತೀಯೇನೇ? ಗಾಡಿ ಬರುತ್ತಂತೆ. ಬೇಡ ಅಂದ್ರೆ ಬೇಡ."

ಕಫ್ ಸೆರಗಿನಲ್ಲಿ ಡಬ್ಬಿಯ ನೀರು ಒರೆಸಿದಳು. ಆಮೇಲೆ ಕೇಳಿದಳು: "ಅಲ್ಲಿ ಒಳಗಡೆಯಿಂದ ಚಿಲಕ ಹಾಕ್ಕೋಬಹುದಾ?"

ಕಾಲರಕ್ಕ ಮತ್ತೆ ಫೋನು ಹಚ್ಚಿ ಅದನ್ನೇ ಕೇಳಿದಳು. ಹಾಕಿಕೊಳ್ಳಬಹುದು ಎಂದರು.

*

ಗಾಡಿ ಬರುವುದು ಟೀ ಬೆಲ್ಲಿನ ನಂತರ, ಸರಕಿನ ಗೇಟಿಗೆ. ಮೆಕ್ಯಾನಿಕ್ ಕೂರುವ ಸ್ಟೂಲು ಅದೇ ದಾರಿಯಲ್ಲಿ.

ಬೆಲ್ಲು ಹೊಡೆಯಿತು. ಟೀ ಕುಡಿದು ಕೂತೆವು. ಸಾಲಿನ ಆ ತುದಿಯಲ್ಲಿ ಗುಂಡಿ ಮೊದಲು ಚಿಂದಿ ಎತ್ತಿದಳು. ಮೆಕ್ಯಾನಿಕ್ ಎದ್ದು ಹೋಗಿ ಬಗ್ಗಿದ. ಅವಳ ಪಕ್ಕದವಳು ಎತ್ತಿದಳು. ಅವಳ ಪಕ್ಕದವಳು. ಸೂಜಿಗಳು ಪಟಪಟ ಮುರಿದವು, ಬೆಲ್ಟುಗಳು ಕಳಚಿಕೊಂಡವು. ಮೇ ಡೇ ಇಲ್ಲ, ಮೆರವಣಿಗೆ ಇಲ್ಲ, ಸಾಲಿಗೆ ಸಾಲೇ ಕೆಂಪಾಯಿತು.

"ಎಲ್ಲಾ ಒಟ್ಟಿಗೆ ಕೆಟ್ಟೋದ್ವಾ? ಏನ್ರೇ, ಮಷೀನಿಗೂ ವಾಂತಿಭೇದಿನಾ?" ಸೂಪರ್‌ವೈಸರ್ ಓಡಿಬಂದು ಮೆಕ್ಯಾನಿಕ್‌ನ ತಲೆಯ ಮೇಲೇ ನಿಂತ. "ಲೇ, ಏನ್ ಕತ್ತೆ ಕಾಯ್ತಿದ್ಯಾ? ಬೇಗ ಬೇಗ! ಎದ್ದೇಳ್ಬೇಡ, ಮುಂದಿಂದು ನೋಡು!"

ಅವನು ಮೊಣಕಾಲೂರಿ ಒಂದು ಮೇಜಿನ ಕೆಳಗಿಂದ ಇನ್ನೊಂದಕ್ಕೆ ತೆವಳುತ್ತಿದ್ದ. ಕಫ್ ಎದ್ದಳು. ಚೀಲ ತೆಗೆದುಕೊಳ್ಳಲಿಲ್ಲ. ಕುಂಟುವ ಕಾಲನ್ನು ಸಾಧ್ಯವಾದಷ್ಟು ನೆಟ್ಟಗೆ ಊರುತ್ತಾ ಗಂಟುಮೂಟೆಗಳ ನಡುವೆ ನಡೆದಳು. ನಾನು ತಿರುಗಿ ನೋಡಲಿಲ್ಲ. ಸರಕಿನ ಬಾಗಿಲು ಕಿರ್ರೆಂದದ್ದು ಮಾತ್ರ ಕೇಳಿಸಿತು.

ಅರ್ಧ ಸಾಲು ಸರಿಮಾಡಿ ಅವನು ಕಫ್‌ಳ ಖಾಲಿ ಸ್ಟೂಲಿನ ಮುಂದೆ ಬಂದು ನಿಂತ. ಕೈತುಂಬ ಎಣ್ಣೆ.

"ಎಲ್ರೀ ನಮ್ ಮನೆ ಮಾಲಕ್ಷ್ಮಿ?" ಎಂದ, ಮೂಗಿನಲ್ಲಿ. ಯಾರೂ ನಗಲಿಲ್ಲ.

"ತೋಳಕ್ಕಾ, ಎಲ್ಲಿ ಅವಳು?" ಈ ಸಲ ಮೂಗಿನಿಂದ ಬರಲಿಲ್ಲ. ಅವನ ಸ್ವಂತ ದನಿಯನ್ನು ನಾನು ಕೇಳಿದ್ದು ಅದೇ ಮೊದಲು. ತಣ್ಣಗಿತ್ತು.

ಗೊತ್ತಿಲ್ಲ ಎನ್ನಬೇಕೆಂದು ಊಟದ ಹೊತ್ತಿನಲ್ಲೇ ಮಾತಾಗಿತ್ತು. ಬಾಯಿ ತೆರೆದರೆ ಬೇರೆಯೇ ಬಂತು.

"ಗೊತ್ತು. ಹೇಳಲ್ಲ."

ಅವನು ಕಾಲರಕ್ಕನ ಕಡೆ ತಿರುಗಿದ. "ನಂಗೂ ಗೊತ್ತು," ಎಂದಳು, ದಾರ ಪೋಣಿಸುತ್ತಲೇ. "ನಾನೂ ಹೇಳಲ್ಲ."

"ಟಾರ್ಗೆಟ್ಟು! ಟಾರ್ಗೆಟ್ಟು!" ಎಂದು ಸೂಪರ್‌ವೈಸರ್ ದೂರದಿಂದ ಚಪ್ಪಾಳೆ ತಟ್ಟುತ್ತಿದ್ದ.

ಮೆಕ್ಯಾನಿಕ್ ನಿಧಾನವಾಗಿ ಸಾಲಿನ ಕೊನೆಗೆ ನಡೆದ. ಗುಂಡಿ ಅವನ ಮನೆಯ ಎದುರುಮನೆಯವಳು. ಸಂಜೆ ಅವಳೂ ಅದೇ ಓಣಿಗೆ ಹೋಗಬೇಕು, ಅದೇ ಬೀದಿದೀಪದ ಕೆಳಗೆ ಬೀಗ ತೆಗೆಯಬೇಕು. ಅವನು ಬಂದು ಅವಳ ಮೇಜಿಗೆ ಎರಡೂ ಕೈಯೂರಿ ಬಗ್ಗಿದ.

ಅವನು ಕೇಳುವ ಮೊದಲೇ ಗುಂಡಿ ತಲೆಯೆತ್ತಿ, "ನಂಗೂ ಗೊತ್ತು," ಎಂದಳು.