ಹಸಿರು ಚೀಲದೊಳಗಿನ ಗಾಜು

ಬಾಗಿಲ ಮೇಲೆ ಮೂರು ಬಡಿತ. ಮತ್ತೆ ಮೂರು.

ಉಮ್ ಮೀನಾ ಚಿಲಕ ತೆಗೆದಳು. ಹೊರಗೆ ನಿಂತಿದ್ದವನು ಇದ್ರಿಸ್, ನೈಲ್ ನದಿಯ ಆಚೆ ದಡದ ಏಳು ಮಹಡಿ ಕಟ್ಟಡದ ಕಾವಲುಗಾರ. ಎದೆಗವಚಿಕೊಂಡಿದ್ದ ಹಸಿರು ಚೀಲದಿಂದ ಏನೋ ತೊಟ್ಟಿಕ್ಕುತ್ತಿತ್ತು.

"ಮೂರನೇದು, ಉಮ್ ಮೀನಾ. ಪುರಸಭೆ ಎಂಜಿನಿಯರ್ ಬೆಳಿಗ್ಗೆ ಚೀಲ ಎಣಿಸೋ ಮುಂಚೆ ಎತ್ಕೊಂಡು ಓಡಿ ಬಂದೆ."

"ಒಳಗೆ ಬಾ ಇದ್ರಿಸಣ್ಣ. ನೆಲದ ಮೇಲೆ ಸುರಿ."

ಮನೆಮನೆಯ ಕಸವನ್ನು ಮರುಬಳಕೆ ಮಾಡಲು ಸಾಧ್ಯವೇ ಎಂದು ಪುರಸಭೆಗೆ ಸಂದೇಹ ಹುಟ್ಟಿತ್ತು. ಕೈರೋದ ಗುಡ್ಡದಡಿಯ ಈ ಬಡಾವಣೆಯಲ್ಲಿ ಅವಳ ಅತ್ತೆಯ ಕಾಲದಿಂದಲೂ ಹೆಂಗಸರು ಕಸವನ್ನು ಬರಿಗೈಯಲ್ಲಿ ಬೇರ್ಪಡಿಸುತ್ತಿದ್ದರು. ಉಳಿದ ಅನ್ನ ಹಂದಿಗೆ, ಕಾಗದ ಗಿರಣಿಗೆ, ತಗಡು ಕುಲುಮೆಗೆ. ಎಸೆಯಲು ಉಳಿಯುತ್ತಿದ್ದುದು ಒಂದು ಬೊಗಸೆ. ಆದರೂ ಕರವಸ್ತ್ರಕ್ಕೆ ಅತ್ತರು ಹಚ್ಚಿ ಮೂಗು ಮುಚ್ಚಿಕೊಂಡ ಮಹನೀಯರಿಗೆ ಪುರಾವೆ ಬೇಕಿತ್ತು. ಇದ್ರಿಸ್ ಕಾಯುವ ಒಂದು ಕಟ್ಟಡ, ಮೂವತ್ತು ದಿನ, ಮನೆಗೆರಡು ಚೀಲ: ಹಸಿರಿನಲ್ಲಿ ಆಹಾರ, ನೀಲಿಯಲ್ಲಿ ಮಿಕ್ಕಿದ್ದು. ಮೂರು ಹಸಿರು ಚೀಲ ಕೆಟ್ಟರೆ ಪ್ರಯೋಗ ಸೋತಂತೆ. ಆಮೇಲೆ ಬೀದಿಯೇ ಕಸ ಸಾಗಿಸುವ ಕಂಪನಿಯ ಲಾರಿಯ ಪಾಲು, ಕಸವೆಲ್ಲ ಮರುಭೂಮಿಯ ಗುಂಡಿಯ ಪಾಲು. ಕೆಡಿಸಿದವನನ್ನು ಹಿಡಿದುಕೊಟ್ಟರೆ ಮಾತ್ರ ಆ ಚೀಲಗಳನ್ನು ಲೆಕ್ಕದಿಂದ ಬಿಡುವುದಾಗಿ ಎಂಜಿನಿಯರ್ ದೊಡ್ಡಸ್ತಿಕೆಯಿಂದ ಹೇಳಿದ್ದ. ಬೆಳಗಾದರೆ ಕಡೆಯ ದಿನ.

ನೆಲದ ಮೇಲೆ ಬೇಯಿಸಿದ ಅವರೆಕಾಳು, ಅದರ ನಡುವೆ ಒಡೆದ ಗಾಜು, ಐದಾರು ಪ್ಲಾಸ್ಟಿಕ್ ಬಾಟಲಿ. ಹಿಂದಿನ ವಾರ ಇಂಥದೇ ಗಾಜು ಒಂದು ಹಂದಿಯ ನಾಲಿಗೆಯನ್ನು ಸೀಳಿತ್ತು.

ಗದ್ದಲಕ್ಕೆ ಎಚ್ಚೆತ್ತ ಮೈದುನ ತಾದ್ರಸ್ ಮಹಡಿಯಿಂದ ಇಳಿದು ಬಂದ. ಗಂಡ ತೀರಿಕೊಂಡ ಮೇಲೆ ಆ ಕಟ್ಟಡದ ಮೆಟ್ಟಿಲು ಹತ್ತಿಳಿಯುವುದು ಇವರಿಬ್ಬರದೇ ಕೆಲಸ.

"ನೋಡಿ ಅತ್ತಿಗೆ, ಔಷಧಿ ಚೀಟಿ!" ಅವನು ಕಾಳಿನ ಮೇಲಿಂದ ಕಾಗದವೊಂದನ್ನು ಹೆಕ್ಕಿದ. "ಐದನೇ ಮಹಡಿ ಡಾಕ್ಟರದ್ದು. ನಾನು ಹೇಳ್ಲಿಲ್ವಾ? ಆ ಡಾಕ್ಟರ್ ಹೆಂಡ್ತಿಗೆ ನಮ್ಮನ್ನ ಕಂಡ್ರೆ ವಾಕರಿಕೆ."

"ವಾಕರಿಕೆ ಅವಳಿಗೆ, ಬೊಜ್ಜು ಅವಳ ಗಂಡಂಗೆ," ಎಂದಳು ಉಮ್ ಮೀನಾ. "ಊರಿಗೆಲ್ಲ ಪಥ್ಯ ಹೇಳ್ತಾನೆ, ಮನೇಲಿ ದಿನಾ ಒಂದು ಡಬ್ಬಿ ಬಕ್ಲಾವಾ ಮಿಠಾಯಿ ಖಾಲಿ. ಖಾಲಿ ಡಬ್ಬಿನ ಪತ್ರಿಕೇಲಿ ಸುತ್ತಿ ಇಡ್ತಾಳೆ ಆ ಮಹಾರಾಣಿ. ನಾವೇನು ಬಿಚ್ಚಿ ನೋಡಲ್ವಾ?"

ಇದ್ರಿಸ್ ನಕ್ಕ. ಅವಳು ನಗಲಿಲ್ಲ. ಆ ಹೆಂಗಸೇ ಆಗಿರಲಿ ಎಂದು ಅವಳ ಮನಸ್ಸು ಹಾತೊರೆಯುತ್ತಿತ್ತು. ಆದರೆ ಹೆಸರಿರುವ ಕಾಗದವನ್ನು ಚೂರುಚೂರು ಮಾಡದೆ ಎಸೆಯುವ ಪೈಕಿಯವಳಲ್ಲ ಆಕೆ. ಈ ಚೀಟಿಯೋ, ಮಡಿಕೆ ಕೂಡ ಕೆಡದೆ ಎಲ್ಲಕ್ಕಿಂತ ಮೇಲೆ ಕುಳಿತಿತ್ತು.

"ಡಾಕ್ಟರಮ್ಮನ ಹೆಸರೇ ಹೇಳಿಬಿಡೋಣ. ಮುಗೀತಲ್ಲ," ಎಂದ ತಾದ್ರಸ್. "ಎಂಜಿನಿಯರ್ ನಂಬದಿದ್ರೆ ಕಂಪನಿ ಬರ್ಲಿ ಬಿಡಿ. ಅವರಾದ್ರೂ ಮೈಗೆ ಸಮವಸ್ತ್ರ ಕೊಡ್ತಾರೆ."

"ಸಮವಸ್ತ್ರ ಕೊಟ್ಟು ಹೊಟ್ಟೆ ಕಿತ್ಕೊಳ್ತಾರೆ. ಇದ್ರಿಸಣ್ಣ, ನಿನ್ನೆ ಸಂಜೆ ಮೇಲಕ್ಕೆ ಹೋದವರು ಯಾರು?"

"ಹೊರಗಿನವರು ಒಬ್ಬರೂ ಇಲ್ಲ. ದೇವರಾಣೆ."

ಉಮ್ ಮೀನಾ ಬಾಟಲಿಗಳನ್ನು ಒಂದೊಂದಾಗಿ ದೀಪದ ಕೆಳಗಿಟ್ಟಳು. ಒಂದಕ್ಕೂ ಮುಚ್ಚಳವಿರಲಿಲ್ಲ. ಕೊರಳಿನ ಉಂಗುರಗಳನ್ನು ಚಾಕುವಿನಿಂದ ನಾಜೂಕಾಗಿ ಸೀಳಿ ತೆಗೆಯಲಾಗಿತ್ತು. ಮೇಲಿನ ಕಾಗದವೂ ಸುಲಿದುಹೋಗಿತ್ತು. ಮುಚ್ಚಳದ ಪ್ಲಾಸ್ಟಿಕ್ ಬೇರೆ, ಬಾಟಲಿಯದು ಬೇರೆ, ಎರಡೂ ಒಂದೇ ಯಂತ್ರಕ್ಕೆ ಬೀಳಬಾರದೆಂಬುದು ಆ ಏಳು ಮಹಡಿಗಳ ಯಾವ ಪದವೀಧರನಿಗೂ ಗೊತ್ತಿಲ್ಲ. ಗೊತ್ತಿದ್ದರೂ ಯಾರು ಉಗುರು ಸವೆಸುತ್ತಾರೆ? ಹಾಳುಮಾಡಲು ಹೊರಟ ಕಸವನ್ನೂ ಬೇರ್ಪಡಿಸದೆ ಬಿಡಲಾರದ ಕೈಗಳು ಊರಲ್ಲಿ ಒಂದೇ ಕಡೆ ಇದ್ದವು, ಈ ಗುಡ್ಡದ ಬುಡದಲ್ಲಿ.

ಇಲ್ಲಿಂದ ಹೋಗಿ ಆ ಕಟ್ಟಡದ ಮೆಟ್ಟಿಲು ಹತ್ತುವವರು ಇಬ್ಬರೇ. ಹೇಳಿದರೆ ಮನೆಯ ಮಾನ ಬೀದಿಗೆ. ಹೇಳದಿದ್ದರೆ ಬಡಾವಣೆಯ ಅನ್ನ ಗುಂಡಿಗೆ.

"ಬೆಳಗಾಗ್ತಾ ಬಂತು," ಎಂದ ಇದ್ರಿಸ್. "ಎಂಜಿನಿಯರ್ ಸಾಹೇಬರಿಗೆ ಯಾರ ಹೆಸರು ಹೇಳ್ಲಮ್ಮಾ?"

"ತಾದ್ರಸ್ ಅಂತ ಹೇಳು."