ಹಾಜರಿ ಪುಸ್ತಕದ ಸದಸ್ಯೆ

ಪುರಸಭೆಯ ವಾರ್ಡಿಗೆ ಮಹಿಳಾ ಮೀಸಲು ಬಂದಾಗ ಗಂಡಸರೆಲ್ಲ ತಮ್ಮ ತಮ್ಮ ಹೆಂಡಿರ ಮುಖವನ್ನು ಮೊದಲ ಸಲ ಕಂಡವರಂತೆ ನೋಡಿದರು. ಹೊಲಿಗೆಯವಳ ಗಂಡನೂ ನೋಡಿದ. ಆದರೆ ಅವಳು ಚುನಾವಣೆಗೆ ನಿಂತದ್ದು ಅವನ ಮಾತಿಗಲ್ಲ, ತಂಗಿಯ ಮಾತಿಗೆ. ತಂಗಿ ಲಾಂಡ್ರಿಯಲ್ಲಿ ಇಸ್ತ್ರಿ ಹಾಕುವವಳು. ಎರಡು ವರ್ಷದ ಮಗಳನ್ನು ಮನೆಯೊಳಗೆ ಬಿಟ್ಟು, ಹೊರಗಿನಿಂದ ಬೀಗ ಹಾಕಿ ಕೆಲಸಕ್ಕೆ ಹೋಗುತ್ತಿದ್ದಳು. "ಗೆದ್ರೆ ನಮ್ಮಂಥವರ ಮಕ್ಕಳಿಗೆ ಒಂದು ಶಿಶುವಿಹಾರ ಮಾಡಿಸು ಅಕ್ಕ, ಇನ್ನೇನೂ ಬೇಡ," ಎಂದು ಮನೆ ಮನೆ ಸುತ್ತಿ ಮತ ಕೇಳಿದ್ದಳು.

ಗೆದ್ದ ಮೇಲೆ ಗಂಡ ಒಳ್ಳೆಯ ಮಾತಿನಲ್ಲೇ, "ಸಭೇಲಿ ಬರೀ ಕೂಗಾಟ. ನಿಂಗ್ಯಾಕೆ ಆ ತಲೆನೋವು, ನಾನು ಹೋಗಿಬರ್ತೀನಿ," ಎಂದ. ಹಾಜರಿ ಪುಸ್ತಕವನ್ನೇ ಮನೆಗೆ ತಂದ. ಶಾಲೆ ಸಮವಸ್ತ್ರದ ರಾಶಿ ಮುಂದೆ ಬಿದ್ದಿತ್ತು. ಗುಂಡಿ ಹೊಲಿಯುವುದರ ನಡುವೆ ಅವಳು ವರ್ಷದ ಹನ್ನೆರಡು ಸಭೆಗೂ ಒಂದೇ ಉಸಿರಿಗೆ ಸಹಿ ಗೀಚಿ ಕೊಟ್ಟಳು. ಕೆಲಸ ಹಗುರವಾಯಿತು ಎಂದುಕೊಂಡಳು ಬೇರೆ.

ಶಿಶುವಿಹಾರಕ್ಕೆಂದು ಗುರುತಿಸಿದ್ದ ಜಾಗವನ್ನು ಅಂಗಡಿಗಳಿಗೆ ಕೊಡುತ್ತಾರಂತೆ, ಅದರಲ್ಲೊಂದು ಗಂಡನಿಗೇ ಅಂತೆ ಎಂದು ಕಿವಿಗೆ ಬಿತ್ತು. ಕೇಳಿದರೆ ಅವನು ನಕ್ಕು ಹಾರಿಸಿದ. ಸಭೆಯ ದಿನ ಅವಳಿಗೆ ತಡೆಯಲಾಗಲಿಲ್ಲ. ತಂಗಿಯನ್ನೂ ಮಗುವನ್ನೂ ಪುರಸಭೆಯ ಗೇಟಿನ ಬಳಿ ಕೂರಿಸಿ ಮಹಡಿ ಹತ್ತಿದಳು.

ಬಾಗಿಲಲ್ಲಿ ಗುಮಾಸ್ತ ಪುಸ್ತಕ ತಿರುವಿ ನೋಡಿದ. "ಮೇಡಂ, ನೀವು ಆಗಲೇ ಬಂದಾಗಿದೆ. ಸಹಿ ಇದೆಯಲ್ಲ."

"ಸಹಿ ನಂದೇ. ಬಂದಿದ್ದು ಈಗ."

"ನಿಮ್ಮ ಕುರ್ಚೀಲಿ ಯಜಮಾನ್ರು ಕೂತಿದಾರೆ. ಒಬ್ಬರಿಗೆ ಎರಡು ಕುರ್ಚಿ ನಾನೆಲ್ಲಿಂದ ತರ್ಲಿ?"

ಅವನನ್ನು ದಾಟಿ ಬಾಗಿಲು ತಳ್ಳಿದಳು. ಅಧ್ಯಕ್ಷರು ಕನ್ನಡಕದ ಮೇಲಿಂದ ನೋಡಿ, "ಯಾರು ಬೇಕಿತ್ತಮ್ಮ?" ಎಂದರು. ಗಂಡ ಕೂತಲ್ಲಿಂದಲೇ, "ನಮ್ಮ ಮನೆಯವರು," ಎಂದು, ಅವಳತ್ತ ತಿರುಗಿ, "ಹೊರಗೆ ಕೂತಿರು, ಬಂದುಬಿಟ್ಟೆ," ಎಂದ. ದನಿಯಲ್ಲಿ ಅಕ್ಕರೆಯೇ ಇತ್ತು. ಯಾರೋ ನಕ್ಕರು. ಅವಳ ಕಾಲು ತಾನಾಗಿ ಹಿಂದೆ ಸರಿಯಿತು. ಅದಕ್ಕಾಗಿ ಅವಳು ಮುಂದೆಂದೂ ತನ್ನನ್ನು ಕ್ಷಮಿಸಿಕೊಳ್ಳಲಿಲ್ಲ.

ಹೊರಗಿನ ಬೆಂಚಿಗೆ ಎಲ್ಲ ಕೇಳಿಸುತ್ತಿತ್ತು. ಒಬ್ಬೊಬ್ಬರ ಹೆಸರು ಕೂಗಿ ಮತ ಕೇಳುತ್ತಿದ್ದರು. ತನ್ನ ಹೆಸರು ಬಂದಾಗ ಅವಳು ಎದ್ದು ನಿಂತಳು. ಒಳಗೆ ಗಂಡ, "ಅಂಗಡಿಗೆ ಒಪ್ಪಿಗೆ," ಎಂದ. ಒಂದೇ ಒಂದು ಮತದ ಅಂತರದಲ್ಲಿ ಶಿಶುವಿಹಾರ ಹೋಯಿತು.

ಸುದ್ದಿ ಅವಳಿಗಿಂತ ಮೊದಲೇ ಮೆಟ್ಟಿಲಿಳಿದಿತ್ತು. ತಂಗಿಯ ಮುಖ ಬಿಳಿಚಿತ್ತು.

"ನಿನ್ನ ಮತದಿಂದಲೇ ಹೋಯ್ತಂತೆ. ನೀನು ಒಳಗೆ ಇದ್ಯಾ ಅಕ್ಕ?"

ಇರಲಿಲ್ಲ ಎಂದರೆ, ಹಾಗಾದರೆ ನಾವು ಗೆಲ್ಲಿಸಿದ್ದು ಯಾರನ್ನು ಎಂದು ಕೇಳುತ್ತಾಳೆ. ತನ್ನನ್ನು ಬಾಗಿಲಿಂದಲೇ ವಾಪಸು ಕಳಿಸಿದರೆಂದು ಹೇಳುವುದಕ್ಕಿಂತ ಕೆಟ್ಟವಳಾಗುವುದೇ ವಾಸಿ ಎನಿಸಿತು.

"ಇದ್ದೆ," ಎಂದಳು.

ತಂಗಿ ಮಗಳನ್ನೆತ್ತಿಕೊಂಡು ಹೊರಟಳು. ಮಗು ಮಾತ್ರ, ರಸ್ತೆ ತಿರುಗುವವರೆಗೂ, ಅಮ್ಮನ ಹೆಗಲ ಮೇಲಿಂದ ದೊಡ್ಡಮ್ಮನಿಗೆ ಟಾಟಾ ಮಾಡುತ್ತಲೇ ಇತ್ತು.